ಹೃದಯದ ತೊಂದರೆಯಿರುವ ಸದಸ್ಯರು ಮನಸ್ಸಿನ ಹೊರೆಯನ್ನು ಇಳಿಸಿಕೊಳ್ಳುವ ಬಗೆ



ಈ ಪುಟಗಳಲ್ಲಿ ನಾನು ಸಾಮಾನ್ಯವಾಗಿ ಬಿತ್ತನೆ ತುಂಡು, ಗೊಬ್ಬರ, ಕೂಳೆ ಬೆಳೆಯ ಆರೈಕೆ ಮುಂತಾದುವನ್ನು ಕುರಿತು ಬರೆಯುತ್ತ ಬಂದಿದ್ದೇನೆ. ಈ ಸಲ ಬೆಳೆಯನ್ನು ಬಿಟ್ಟು ಬೆಳೆಗಾರರ ವಿಷಯಕ್ಕೆ ಬಂದಿದ್ದೇನೆ. ಅದಕ್ಕೆ ಕಾರಣವಿದೆ.

ಕಳೆದ ಹಂಗಾಮಿನಲ್ಲಿ ಮಡಕಶಿರಾ ಕಡೆಯ ಸದಸ್ಯರೊಬ್ಬರು ಕಟಾವಿನ ಆರ್ಡರು ಕೇಳಿಕೊಂಡು ನಾಲ್ಕನೆಯ ಸಲ ನನ್ನ ಬಳಿ ಬಂದರು. ಎರಡು ವರ್ಷದ ಹಿಂದೆ ಅವರಿಗೆ ಹೃದಯಾಘಾತವಾಗಿತ್ತು, ಸ್ಟೆಂಟ್ ಹಾಕಿಸಿಕೊಂಡಿದ್ದರು ಎಂಬುದು ನನಗೆ ತಿಳಿದಿರಲಿಲ್ಲ. ಕೊಳವೆ ಬಾವಿ ಕೈಕೊಟ್ಟು, ಹನ್ನೆರಡು ತಿಂಗಳು ದಾಟಿದ ಕಬ್ಬು ಹೊಲದಲ್ಲಿ ಒಣಗುತ್ತಿತ್ತು. "ಸ್ವಾಮಿ, ಈ ವಾರವಾದರೂ ಆಳು ಕಳಿಸ್ತೀರಾ?" ಎಂದರು. ಬೆಳಗಿನಿಂದ ಇದೇ ಪ್ರಶ್ನೆ ಕೇಳಿ ಕೇಳಿ ದಣಿದಿದ್ದ ನಾನು, "ಸರದಿ ಬಂದಾಗ ಬರ್ತಾರೆ, ಸುಮ್ಮನೆ ಯಾಕೆ ತಿರುಗ್ತೀರಿ?" ಎಂದು ಗದರಿಸಿದಂತೆ ಹೇಳಿಬಿಟ್ಟೆ. ಅವರಿಗೂ ಸಿಟ್ಟು ಬಂತು, ಮಾತಿಗೆ ಮಾತು ಬೆಳೆಯಿತು. ಹೊರಗೆ ಹೋದವರು ಜಗಲಿಯ ಮೇಲೆ ಕುಸಿದು ಕುಳಿತರು. ಮೈಯೆಲ್ಲ ಬೆವರು, ಕೈ ಎದೆಯ ಮೇಲಿತ್ತು. 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಕಳುಹಿಸಿದೆವು. ದೇವರ ದಯೆ, ಬದುಕಿಕೊಂಡರು. ಆ ತಪ್ಪಿನಲ್ಲಿ ನನ್ನ ಪಾಲು ಎಷ್ಟು ಎಂದು ಅವರು ಇಂದಿಗೂ ಕೇಳಿಲ್ಲ.

ನಾನು ಕೃಷಿ ಪದವೀಧರ, ವೈದ್ಯನಲ್ಲ. ಆದರೆ ಆ ದಿನದಿಂದ ಈ ವಿಷಯವನ್ನು ತಿಳಿದವರಿಂದ ಕೇಳಿ, ಓದಿ ಅರಿತುಕೊಂಡದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಸಿಟ್ಟು, ಭಯ, ಆತಂಕ ಇವು ಮನಸ್ಸಿನವು, ಇವಕ್ಕೂ ಗುಂಡಿಗೆಗೂ ಏನು ಸಂಬಂಧ ಎಂದು ಕೆಲವರು ಕೇಳುತ್ತಾರೆ. ಸಂಬಂಧ ನೇರವಾದದ್ದು. ಮನಸ್ಸು ಕೆರಳಿದ ಕೂಡಲೇ ಮೂತ್ರಪಿಂಡಗಳ ಮೇಲಿರುವ ಚಿಕ್ಕ ಗ್ರಂಥಿಗಳಿಂದ ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಸೇರುತ್ತದೆ. ನಾಡಿ ಓಡುತ್ತದೆ, ರಕ್ತದ ಒತ್ತಡ ಏರುತ್ತದೆ, ರಕ್ತ ಹೆಪ್ಪುಗಟ್ಟುವ ಗುಣವೂ ಹೆಚ್ಚುತ್ತದೆ. ಹುಲಿ ಬಂದಾಗ ಓಡುವುದಕ್ಕೆ ಇದು ಒಳ್ಳೆಯ ಏರ್ಪಾಡು. ಬ್ಯಾಂಕಿನ ನೋಟೀಸು ಬಂದಾಗ ಇದರಿಂದ ಏನೂ ಪ್ರಯೋಜನವಿಲ್ಲ.

ಇನ್ನೊಂದು ಸಂಗತಿಯನ್ನು ಬಹಳ ಜನ ಅರಿಯರು. ಹೃದಯವು ಮೈಗೆಲ್ಲ ರಕ್ತ ಹಾಯಿಸುತ್ತದೆ ನಿಜ, ಆದರೆ ಅದರ ಮಾಂಸಖಂಡಕ್ಕೆ ಬೇಕಾದ ರಕ್ತದ ಹೆಚ್ಚು ಭಾಗ ಸಿಗುವುದು ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ. ಭೈರವಾನಿತಿಪ್ಪ ಕಾಲುವೆಯ ನೀರು ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ಕಾಲುವೆಯಲ್ಲಿ ಹೂಳು ತುಂಬಿದೆ, ನಿಮ್ಮ ಪಾಳಿ ಒಂದು ಗಂಟೆಯದು ಎಂದಿಟ್ಟುಕೊಳ್ಳಿ. ಆ ಪಾಳಿಯನ್ನು ಅರ್ಧ ಗಂಟೆಗೆ ಇಳಿಸಿ, ಅದೇ ದಿನ ಬಿಸಿಲೂ ಏರಿದರೆ ಹೊಲದ ಗತಿ ಏನು? ನಾಡಿ ಓಡಿದಾಗ ಬಡಿತಗಳ ನಡುವಿನ ಬಿಡುವು ಕುಗ್ಗುತ್ತದೆ, ಬೇಡಿಕೆ ಮಾತ್ರ ಏರುತ್ತದೆ. ರಕ್ತನಾಳ ಮೊದಲೇ ಕಿರಿದಾಗಿರುವವರಿಗೆ ಎದೆ ಹಿಡಿಯುವುದು ಇದರಿಂದಲೇ. ವೈದ್ಯರು ನಾಡಿಯನ್ನು ನಿಧಾನಗೊಳಿಸುವ ಮಾತ್ರೆ ಕೊಟ್ಟಿದ್ದರೆ ಅದರ ಕೆಲಸ ಈ ಬಿಡುವನ್ನು ಉಳಿಸುವುದು. "ಈಗ ಚೆನ್ನಾಗಿದ್ದೇನೆ" ಎಂದು ಆ ಮಾತ್ರೆಯನ್ನು ತಟಕ್ಕನೆ ನಿಲ್ಲಿಸುವುದು ಅಪಾಯಕರ.

2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಎಂಬ ಅಧ್ಯಯನದಲ್ಲಿ 52 ದೇಶಗಳಲ್ಲಿ ಹೃದಯಾಘಾತವಾದ 15 ಸಾವಿರಕ್ಕೂ ಹೆಚ್ಚು ಜನರನ್ನೂ ಹೆಚ್ಚುಕಡಿಮೆ ಅಷ್ಟೇ ಮಂದಿ ಇತರರನ್ನೂ ಹೋಲಿಸಿ ನೋಡಿದರು. ಇದರ ಮುಂದಾಳು ಡಾ. ಸಲೀಂ ಯೂಸುಫ್ ಅವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದವರು. ಆಘಾತಕ್ಕೆ ಮುಖ್ಯ ಕಾರಣಗಳೆಂದು ಅವರು ಎಣಿಸಿದ ಒಂಬತ್ತರಲ್ಲಿ ಹೊಗೆ ಸೇದುವುದು, ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಸಾಲಿನಲ್ಲಿಯೇ ಮನಸ್ಸಿನ ಒತ್ತಡವೂ ನಿಂತಿದೆ. ಸಿಟ್ಟು ಭುಗಿಲೆದ್ದ ನಂತರದ ಎರಡು ಗಂಟೆಗಳಲ್ಲಿ ಆಘಾತದ ಸಂಭವ ಹೆಚ್ಚೆಂದು ಬೇರೆ ಅಧ್ಯಯನಗಳು ತೋರಿಸಿವೆ.

ಹಾಗಾದರೆ ಮಾಡುವುದೇನು? "ಚಿಂತೆ ಮಾಡಬೇಡಿ" ಎಂಬುದು ಹೇಳುವವರಿಗೆ ಸುಲಭ. ಸಾವಿರ ಅಡಿ ಕೊರೆಸಿದರೂ ಧೂಳೇ ಬಂದ ಮನೆಯಲ್ಲಿ ಆ ಮಾತಿಗೆ ಬೆಲೆಯಿಲ್ಲ. ಚಿಂತೆಯ ಮೂಲವನ್ನೇ ಸ್ವಲ್ಪ ಕಡಿಮೆ ಮಾಡಲು ಆಗುತ್ತದೆಯೇ ಎಂದು ಮೊದಲು ನೋಡಬೇಕು. ನೀರು ಕಡಿಮೆಯಿದ್ದರೆ ಕೂಳೆಯ ಸೋಗೆಯನ್ನು ಸುಡದೆ ಸಾಲುಗಳ ನಡುವೆ ಹರಡಿರಿ, ಒಂದು ಸಾಲು ಬಿಟ್ಟು ಒಂದು ಸಾಲಿಗೆ ನೀರು ಕೊಡಿರಿ. ಒಂದು ಎಕರೆ ಕೈಬಿಟ್ಟು ಎರಡು ಎಕರೆ ಉಳಿಸಿಕೊಳ್ಳುವ ತೀರ್ಮಾನವನ್ನು ಬೇಸಿಗೆಗೆ ಮುಂಚೆಯೇ ಮಾಡಿರಿ. ತೀರ್ಮಾನವಾಗುವವರೆಗೆ ರಾತ್ರಿ ನಿದ್ದೆ ಬರುವುದಿಲ್ಲ, ಆದ ಮೇಲೆ ನಷ್ಟವಿದ್ದರೂ ನಿದ್ದೆ ಬರುತ್ತದೆ ಎಂಬುದನ್ನು ನಾನು ಅನೇಕ ಮನೆಗಳಲ್ಲಿ ಕಂಡಿದ್ದೇನೆ.

ಸಾಲದ ವಿಷಯವನ್ನು ಹೆಂಡತಿ ಮಕ್ಕಳಿಂದ ಮುಚ್ಚಿಡುವುದು ನಮ್ಮಲ್ಲಿ ಗಂಡಸುತನವೆಂದು ನಡೆದು ಬಂದಿದೆ. ಹೃದಯದ ತೊಂದರೆಯಿರುವವರು ಇದನ್ನು ಬಿಡಬೇಕು. ಯಾರಿಗೆ ಎಷ್ಟು, ಯಾವ ಬಡ್ಡಿ, ಯಾವ ತಿಂಗಳು ಎಂದು ಒಂದು ಹಾಳೆಯ ಮೇಲೆ ಬರೆದು ಮನೆಯವರ ಮುಂದೆ ಇಡಿರಿ. ಎಷ್ಟೋ ಸಲ ಹೆಂಗಸರಿಗೆ ಅದು ಮೊದಲೇ ಗೊತ್ತಿರುತ್ತದೆ!

ಹಂಗಾಮಿನ ದಿನಗಳಲ್ಲಿ ತೂಕದ ಸರದಿಗಾಗಿ ಗಾಡಿಯ ಪಕ್ಕದಲ್ಲಿ ರಾತ್ರಿಯೆಲ್ಲ ಎಚ್ಚರವಿದ್ದು, ಬೀಡಿ ಮತ್ತು ಟೀಯ ಮೇಲೆ ಬೆಳಗು ಮಾಡುವುದು ಇಂಥವರಿಗೆ ತಕ್ಕದ್ದಲ್ಲ. ಬೀಡಿ ಮನಸ್ಸನ್ನು ಹಗುರ ಮಾಡುತ್ತದೆ ಎಂಬುದು ಭ್ರಮೆ. ಅದು ನಾಡಿಯನ್ನು ಓಡಿಸುತ್ತದೆ, ರಕ್ತನಾಳವನ್ನು ಬಿಗಿಯುತ್ತದೆ. ಹಿಂದಿನ ಬೀಡಿ ಹುಟ್ಟಿಸಿದ ತಹತಹವನ್ನೇ ಮುಂದಿನ ಬೀಡಿ ತಣಿಸುವುದು.

ಇನ್ನು ಉಸಿರಾಟ ಮತ್ತು ಶವಾಸನ. 1969ರಲ್ಲಿಯೇ ಮುಂಬಯಿಯ ಡಾ. ದಾತೆ ಮತ್ತು ಸಂಗಡಿಗರು ರಕ್ತದೊತ್ತಡದ ರೋಗಿಗಳಿಗೆ ಶವಾಸನ ಮಾಡಿಸಿ ಒಳ್ಳೆಯ ಫಲ ಕಂಡುದನ್ನು ಪ್ರಕಟಿಸಿದ್ದರು. ಈಚೆಗೆ ಭಾರತದ 24 ಆಸ್ಪತ್ರೆಗಳಲ್ಲಿ ಹೃದಯಾಘಾತವಾದ 3,959 ಮಂದಿಯ ಮೇಲೆ ಯೋಗದ ದೊಡ್ಡ ಪರೀಕ್ಷೆ ನಡೆದು 2020ರಲ್ಲಿ ಪ್ರಕಟವಾಯಿತು. ಯೋಗ ಕಲಿತವರು ತಮ್ಮ ಆರೋಗ್ಯ ಸುಧಾರಿಸಿದೆ ಎಂದರು, ಹಳೆಯ ಕೆಲಸಗಳಿಗೆ ಹೆಚ್ಚಾಗಿ ಮರಳಿದರು. ಆದರೆ ಮತ್ತೆ ಆಘಾತವಾಗುವುದು ಅಥವಾ ಸಾಯುವುದು ಯೋಗದಿಂದ ಕಡಿಮೆಯಾಯಿತೆಂದು ಆ ಪರೀಕ್ಷೆಯಲ್ಲಿ ಸಿದ್ಧವಾಗಲಿಲ್ಲ. ಆದುದರಿಂದ ಯೋಗ ಮಾಡಿರಿ, ಮಾತ್ರೆ ಬಿಡಬೇಡಿರಿ.

ಮಾಡುವ ಕ್ರಮ ಸರಳ. ಬೆಳಿಗ್ಗೆ ಮತ್ತು ಮಲಗುವ ಮುಂಚೆ ಹತ್ತು ನಿಮಿಷ ಗೋಡೆಗೆ ಒರಗಿ ಕುಳಿತು ಅಥವಾ ಅಂಗಾತ ಮಲಗಿ, ಮೂಗಿನಿಂದ ನಿಧಾನವಾಗಿ ಉಸಿರೆಳೆದು, ಅದಕ್ಕಿಂತ ನಿಧಾನವಾಗಿ ಬಿಡಿರಿ. ನಿಮಿಷಕ್ಕೆ ಸುಮಾರು ಆರು ಉಸಿರು ಸಾಕು. ಉಸಿರನ್ನು ಬಿಗಿಹಿಡಿಯಬಾರದು. ಕಪಾಲಭಾತಿ, ಭಸ್ತ್ರಿಕಾ, ತಲೆಕೆಳಗಾಗಿ ನಿಲ್ಲುವ ಆಸನ ಇವು ವೈದ್ಯರನ್ನು ಕೇಳದೆ ಬೇಡ. ವೈದ್ಯರು ಒಪ್ಪಿದ ಮೇಲೆ ದಿನಕ್ಕೆ ಅರ್ಧ ಗಂಟೆ ನಡೆಯಿರಿ. ಜೊತೆಯವರೊಡನೆ ಮಾತನಾಡುತ್ತ ನಡೆಯಲಾಗುವಷ್ಟೇ ವೇಗವಿರಲಿ. ರಾಯದುರ್ಗದ ಬೆಟ್ಟ ಹತ್ತಿ ಶಕ್ತಿ ಪರೀಕ್ಷಿಸಿಕೊಳ್ಳುವುದು ಬೇಡ, ಊರ ಹೊರಗಿನ ಸಮನಾದ ದಾರಿ ಸಾಕು.

ಆಘಾತವಾದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಮನೋವೇದನೆ ಕಾಯಿಲೆಯ ಮಟ್ಟಕ್ಕೆ ಹೋಗುತ್ತದೆ. ಎರಡು ವಾರ ಮೇಲ್ಪಟ್ಟು ಊಟ ರುಚಿಸದೆ, ಬೆಳಗಿನ ಜಾವ ಎಚ್ಚರವಾಗಿ, ಹೊಲದ ಕಡೆ ಹೋಗಲು ಮನಸ್ಸೇ ಇಲ್ಲದೆ, "ನಾನಿದ್ದು ಏನು ಪ್ರಯೋಜನ" ಎನ್ನುವವರನ್ನು ಸೋಮಾರಿಗಳೆಂದು ಹಂಗಿಸಬೇಡಿರಿ. ಇದಕ್ಕೆ ಚಿಕಿತ್ಸೆಯಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆಗೆ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು. ಕನ್ನಡದಲ್ಲಿಯೂ ಮಾತನಾಡುತ್ತಾರೆ.

ಭಾಷೆಯ ಮಾತು ಬಂದುದರಿಂದ ಒಂದು ಎಚ್ಚರಿಕೆ. ರೊಳ್ಳ, ಅಗಳಿ, ಅಮರಾಪುರ, ಡಿ. ಹೀರೇಹಾಳು ಕಡೆಯ ನಮ್ಮವರು ತೆಲುಗು ವೈದ್ಯರ ಮುಂದೆ "ಆಯಾಸ" ಎಂದರೆ ಅವರು ಉಸಿರು ಕಟ್ಟುವುದೆಂದು ತಿಳಿಯುತ್ತಾರೆ, ಏಕೆಂದರೆ ತೆಲುಗಿನಲ್ಲಿ ಆ ಪದಕ್ಕೆ ರೂಢಿಯ ಅರ್ಥ ಅದೇ. ನಾವು ಹೇಳುವುದು ಬರಿಯ ದಣಿವನ್ನು. ಆದ್ದರಿಂದ ದಣಿವೋ, ಉಸಿರು ಸಾಲದೋ, ಎಷ್ಟು ಹೆಜ್ಜೆ ನಡೆದರೆ ಬರುತ್ತದೋ ಬಿಡಿಸಿ ಹೇಳಿರಿ. 1991ರ ನವೆಂಬರಿನಲ್ಲಿ ಆರಂಭವಾದ ಪುಟ್ಟಪರ್ತಿಯ ಉಚಿತ ಆಸ್ಪತ್ರೆಗೆ ನಮ್ಮ ಸದಸ್ಯರಲ್ಲಿ ಅನೇಕರು ಹೃದಯದ ಚಿಕಿತ್ಸೆಗೆ ಹೋಗಿ ಬಂದಿದ್ದಾರೆ. ಅಲ್ಲಿಯ ಚೀಟಿಯನ್ನು ಜೋಪಾನವಾಗಿಟ್ಟು ಎಲ್ಲಿ ಹೋದರೂ ಜೊತೆಗೆ ಒಯ್ಯಿರಿ.

ಎದೆಯ ಬಿಗಿತ, ತಣ್ಣನೆಯ ಬೆವರು, ಎಡತೋಳು ಅಥವಾ ದವಡೆಗೆ ಹರಿಯುವ ನೋವು ಬಂದರೆ ಅದನ್ನು ಚಿಂತೆಯೆಂದೋ ವಾಯುವೆಂದೋ ತಳ್ಳಿಹಾಕಿ ಉಸಿರಾಟ ಮಾಡುತ್ತ ಕೂಡಬಾರದು. ವೈದ್ಯರು ನಾಲಗೆಯ ಕೆಳಗಿಡುವ ಮಾತ್ರೆ ಕೊಟ್ಟಿದ್ದರೆ ಕುಳಿತುಕೊಂಡು ಇಟ್ಟುಕೊಳ್ಳಿರಿ. ಐದು ನಿಮಿಷದಲ್ಲಿ ಇಳಿಯದಿದ್ದರೆ 108. ಮಾತ್ರೆ ಇಲ್ಲದವರು ಕಾಯದೆ ಕೂಡಲೇ ಫೋನ್ ಮಾಡತಕ್ಕದ್ದು.

ಹೃದಯದ ತೊಂದರೆಯಿರುವ ಸದಸ್ಯರು ತಮ್ಮ ಹೆಸರನ್ನೂ, ತಮ್ಮ ಬದಲಿಗೆ ಕಟಾವು ಮತ್ತು ತೂಕದ ವ್ಯವಹಾರ ನೋಡುವ ಮಗ, ತಮ್ಮ ಅಥವಾ ಮನೆಯಾಕೆಯ ಹೆಸರು ಮತ್ತು ಫೋನ್ ಸಂಖ್ಯೆಯನ್ನೂ ನುರಿಸುವ ಹಂಗಾಮು ಆರಂಭವಾಗುವ ಮುಂಚೆ ತಮ್ಮ ಫೀಲ್ಡ್‌ಮನ್ನರ ಪುಸ್ತಕದಲ್ಲಿ ಬರೆಸಬೇಕೆಂದು ಕೋರುತ್ತೇನೆ. ಸರದಿ ಹಿಂದೆ ಮುಂದೆ ಆಗುವುದಿಲ್ಲ. ಆದರೆ ದಿನಾಂಕ ಯಾವುದೆಂದು ಕೇಳಲು ನೀವು ಬಿಸಿಲಿನಲ್ಲಿ ಬರಬೇಕಾಗಿಲ್ಲ. ನಾವೇ ಫೋನ್ ಮಾಡಿ ತಿಳಿಸುತ್ತೇವೆ.