ಶಿಶಿಕ್ಷುವೂ ಕನಿಷ್ಠ ವೇತನವೂ

ಭಾರತದ ಒಂದೇ ಕಾರ್ಖಾನೆಯಲ್ಲಿ, ಒಂದೇ ಬಗೆಯ ಯಂತ್ರದೆದುರು ನಿಂತು ದುಡಿಯುವ ಇಬ್ಬರು ತರುಣರಲ್ಲಿ ಒಬ್ಬನಿಗೆ ಕನಿಷ್ಠ ವೇತನವು ಹಕ್ಕಾಗಿ ಸಲ್ಲಬಹುದು, ಇನ್ನೊಬ್ಬನಿಗೆ ಸಲ್ಲದಿರಬಹುದು. ಈ ಭೇದಕ್ಕೆ ಕಾರಣವು ವಯಸ್ಸಲ್ಲ. ಶಾಸನವು ಅವರಿಗಿತ್ತ ಹೆಸರು. ಮೊದಲನೆಯವನು ಕಾರ್ಮಿಕನು; ಎರಡನೆಯವನು ಶಿಶಿಕ್ಷು, ಎಂದರೆ ರೂಢಿಯಲ್ಲಿ ಅಪ್ರೆಂಟಿಸ್ ಎನಿಸುವವನು. ಶಬ್ದಾರ್ಥವಿಚಾರದಲ್ಲಿ ಆಸಕ್ತರಾದ ವಾಚಕರು ಇದನ್ನು ಪರಾಮರ್ಶಿಸುವುದು ಯುಕ್ತವೆಂದು ತೋರುತ್ತದೆ.

1948ರ ಕನಿಷ್ಠ ವೇತನ ಶಾಸನವು ವಯಸ್ಕರು, ಹದಿಹರೆಯದವರು, ಮಕ್ಕಳು, ಶಿಶಿಕ್ಷುಗಳು ಎಂಬ ವರ್ಗಗಳಿಗೆ ಬೇರೆ ಬೇರೆ ದರಗಳನ್ನು ಗೊತ್ತುಪಡಿಸುವ ಅಧಿಕಾರವನ್ನು ಸರ್ಕಾರಕ್ಕಿತ್ತಿತು. ದರವು ಕಡಮೆಯಾಗಬಹುದಾಗಿದ್ದರೂ ಶಿಶಿಕ್ಷುವಿನ ಹೆಸರು ಅಲ್ಲಿ ಇದ್ದಿತು. 1961ರ ಶಿಶಿಕ್ಷು ಶಾಸನವಾದರೋ ತನ್ನ 18ನೆಯ ಪ್ರಕರಣದಲ್ಲಿ, ಅವನು ಶಿಕ್ಷಣಾರ್ಥಿಯೇ ಹೊರತು ಕಾರ್ಮಿಕನಲ್ಲವೆಂದೂ ಕಾರ್ಮಿಕ ಶಾಸನಗಳು ಅವನಿಗೆ ಅನ್ವಯಿಸವೆಂದೂ ವಿಧಿಸಿತು. ಆರೋಗ್ಯ, ಸುರಕ್ಷತೆ, ಗಾಯಕ್ಕೆ ಪರಿಹಾರ ಇವುಗಳ ರಕ್ಷಣೆಯನ್ನು ಮಾತ್ರ ಬೇರೆ ಪ್ರಕರಣಗಳಲ್ಲಿ ಒದಗಿಸಿತು. ಅವನಿಗೆ ಸಲ್ಲುವುದು ವೇತನವಲ್ಲ, ಶಿಷ್ಯವೇತನ. ಅದನ್ನು ತುಂಡುಗೆಲಸದ ಲೆಕ್ಕದಲ್ಲಿ ಕೊಡಕೂಡದು. ಕಲಿಯುವವನ ಯೋಗ್ಯತೆಯನ್ನು ಅವನು ತಯಾರಿಸಿದ ವಸ್ತುಗಳ ಎಣಿಕೆಯಿಂದ ಅಳೆಯಬಾರದಷ್ಟೆ.

ಆದರೂ ಈ ಎರಡು ವೇತನಗಳಿಗೆ ಕೆಲವು ಕಾಲ ನಂಟಿದ್ದಿತು. 2014ರ ನಿಯಮಗಳಂತೆ ಶಿಷ್ಯವೇತನವು ಅರೆಕುಶಲ ಕಾರ್ಮಿಕನ ಕನಿಷ್ಠ ವೇತನದಲ್ಲಿ ಮೊದಲ ವರ್ಷ ನೂರಕ್ಕೆ 70, ಎರಡನೆಯ ವರ್ಷ 80, ಮೂರನೆಯ ವರ್ಷ 90ರಷ್ಟಿದ್ದಿತು. ಕನಿಷ್ಠ ವೇತನವೇರಿದಂತೆ ಇದೂ ಏರುತ್ತಿದ್ದಿತು. 2019ರ ತಿದ್ದುಪಡಿಯು ಇದರ ಬದಲಿಗೆ ವಿದ್ಯಾರ್ಹತೆಗೆ ತಕ್ಕಂತೆ ತಿಂಗಳಿಗೆ 5,000ದಿಂದ 9,000 ರೂಪಾಯಿಗಳವರೆಗಿನ ಕನಿಷ್ಠ ಮೊಬಲಗುಗಳನ್ನು ಗೊತ್ತುಮಾಡಿತು. ಅಲ್ಲಿಗೆ ಆ ನಂಟು ಕಡಿದುಹೋಯಿತು. ಬೆಲೆಗಳೇರಿದರೂ ಹೊಸ ಆಜ್ಞೆ ಹೊರಡುವವರೆಗೆ ಆ ಮೊಬಲಗು ತಾನಾಗಿ ಏರದು.

2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆಯು ಕನಿಷ್ಠ ವೇತನವನ್ನು ಗೊತ್ತುಮಾಡುವಾಗ ಗಮನಿಸತಕ್ಕ ಅಂಶಗಳಲ್ಲಿ ಕುಶಲತೆ, ಪ್ರದೇಶ, ಕೆಲಸದ ಕಾಠಿಣ್ಯ ಇವುಗಳನ್ನು ಹೇಳಿದೆ, ವಯಸ್ಸನ್ನು ಹೇಳಿಲ್ಲ. ಕಿರಿಯ ಕಾರ್ಮಿಕನಿಗೆ ಇದು ಲಾಭವೇ ಸರಿ. ಆದರೆ 1961ರ ಶಾಸನದಂತೆ ಸೇರಿದ ಶಿಶಿಕ್ಷುವನ್ನು ಅದು ಉದ್ಯೋಗಿಯೆಂಬ ಪದದ ಲಕ್ಷಣದಿಂದಲೇ ಹೊರಗಿಟ್ಟಿದೆ. ಅವನ ಒಪ್ಪಂದವು ನೋಂದಣಿಯಾಗದಿದ್ದ ಮಾತ್ರಕ್ಕೆ ಅವನು ಕಾರ್ಮಿಕನಾಗುವುದಿಲ್ಲವೆಂದು ಸುಪ್ರೀಂ ಕೋರ್ಟು 2004ರಲ್ಲಿ ತೀರ್ಪಿತ್ತಿದೆ.

ಇಂತಿರಲು, ಶಿಶಿಕ್ಷುವಿಗೆ ವೇತನವನ್ನು ಕಡಮೆಮಾಡಿದ್ದಕ್ಕೆ ಇರುವ ಸಮರ್ಥನೆಯು ಒಂದೇ: ಉಳಿದ ಭಾಗವು ವಿದ್ಯೆಯ ರೂಪದಲ್ಲಿ ಅವನಿಗೆ ಸಲ್ಲುತ್ತದೆಂಬುದು. ಕಲಿಸದೆ ಬರಿದೆ ದುಡಿಸಿಕೊಂಡಲ್ಲಿ ಆ ಸಮರ್ಥನೆಯು ನಿಲ್ಲಲಾರದು. ಆದುದರಿಂದ ಹಣದ ಲೆಕ್ಕವನ್ನು ಪರೀಕ್ಷಿಸುವಷ್ಟೇ ಎಚ್ಚರದಿಂದ ಕಲಿಕೆಯ ಲೆಕ್ಕವನ್ನೂ ಪರೀಕ್ಷಿಸುವುದು ಅವಶ್ಯವು.