ಕಿವಿಯೇ ಕಣ್ಣಾದವರ ಗಣಕಯಂತ್ರ

ಕಳೆದ ಶ್ರಾವಣದಲ್ಲಿ ಭಕ್ತರೊಬ್ಬರ ಮನೆಗೆ ಹೋಗಿದ್ದೆ. ಅವರ ಮಗ ದೃಷ್ಟಿಹೀನನಾದರೂ ಗಣಕಯಂತ್ರದಲ್ಲಿ ಓದುಬರಹ ಬಲ್ಲವನು. ತೆರೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶವೊಂದು ಅವನಿಗೆ ಆಸರೆ. ಇಷ್ಟಲಿಂಗ ಪೂಜೆಗೆ ಅಡ್ಡಿಯಾಗದಿರಲೆಂದು ತಾಯಿ ಯಂತ್ರದ ಧ್ವನಿಯನ್ನು ಪೂರ್ತಿ ಇಳಿಸಿ, ಹೇಳಲು ಮರೆತರು. ಪೂಜೆಯ ತರುವಾಯ ಕುಳಿತ ಮಗನಿಗೆ ಯಂತ್ರ ನಡೆಯುತ್ತಿದೆಯೋ ಕೆಟ್ಟಿದೆಯೋ ತಿಳಿಯದು. ಧ್ವನಿ ಏರಿಸುವ ಗುರುತು ತೆರೆಯ ಮೇಲಿದೆ; ಅದನ್ನು ತೋರಿಸಿಕೊಡಬೇಕಾದ ಧ್ವನಿಯೇ ಮೂಕವಾಗಿದೆ! ಓದುತ್ತ ಕುಳಿತವರ ಮುಂದಿನ ದೀಪವನ್ನು ನಾವು ಹೀಗೆ ಆರಿಸುವೆವೇ? ಕೀಲಿಮಣೆಯಲ್ಲಿಯೂ ಧ್ವನಿ ಏರಿಸುವ ಕೀಲಿಯೊಂದಿತ್ತು. ತಡವಿ ಒತ್ತಿದ, ಯಂತ್ರ ಮಾತನಾಡಿತು.

ಅವನು ಬಳಸುವುದು ಉಚಿತವಾಗಿ ದೊರೆಯುವ ‘ಎನ್‌ವಿಡಿಎ’. ಇದನ್ನು 2006ರಲ್ಲಿ ಆರಂಭಿಸಿದವರು ಆಸ್ಟ್ರೇಲಿಯದ ಮೈಕೆಲ್ ಕರನ್. ಅವರೂ, ಅವರೊಡನೆ ದುಡಿದ ಜೇಮ್ಸ್ ಟೆಹ್ ಅವರೂ ಅಂಧರೇ. ಕನ್ನಡವನ್ನೂ ಓದುತ್ತದೆ. ಉಚ್ಚಾರ ಒರಟು, ಆದರೆ ಅದು ನನ್ನ ಕಿವಿಯ ತೊಂದರೆ, ಅವನದಲ್ಲ.

ವಚನಗಾಯನ ಕೇಳುವಾಗ ಮಾತ್ರ ಓದುವ ಧ್ವನಿ ಹಾಡಿನಲ್ಲಿ ಮುಳುಗುವುದುಂಟು. ಯಂತ್ರದ ಒಟ್ಟು ಧ್ವನಿ ಏರಿಸಿದರೆ ಎರಡೂ ಏರುತ್ತವೆ, ಫಲವಿಲ್ಲ. ಇನ್ಸರ್ಟ್, ಶಿಫ್ಟ್ ಕೀಲಿಗಳೊಡನೆ ‘ಡಿ’ ಒತ್ತಿ ಬೇಕಾದ ಕ್ರಮವನ್ನು ಆರಿಸಿಕೊಂಡರೆ, ತಂತ್ರಾಂಶ ಓದುವಾಗ ಹಾಡು ತಾನಾಗಿ ತಗ್ಗಿ ಮತ್ತೆ ಏರುತ್ತದೆ. ಓದುವ ಧ್ವನಿಯನ್ನಷ್ಟೇ ಹೆಚ್ಚುಕಡಿಮೆ ಮಾಡಲೂ ಅದರಲ್ಲಿ ಬೇರೆ ಅನುಕೂಲವಿದೆ.

ಈಗ ಆ ಹುಡುಗ ಧ್ವನಿಯ ಕೀಲಿಗೆ ಮೇಣದ ಚುಕ್ಕೆಯೊಂದನ್ನು ಅಂಟಿಸಿದ್ದಾನೆ. ಪೂಜೆಯ ವೇಳೆ ಒಂದೇ ಕಿವಿಗೆ ಇಯರ್‌ಫೋನ್. ಪ್ರಸಾದಕ್ಕೆ ತಾಯಿ ಕರೆದರೆ ಇನ್ನೊಂದು ಕಿವಿಗೆ ಕೇಳಿಸಬೇಕಲ್ಲ!