ಸೈಡ್ ಸ್ಕ್ಯಾನ್ ಸೋನಾರ್ ಪರದೆಯ ಓದು

ಸೈಡ್ ಸ್ಕ್ಯಾನ್ ಸೋನಾರ್ ಎಂಬುದು ದೋಣಿಯ ಎಡಬಲ ಪಾರ್ಶ್ವಗಳಿಗೆ ಶಬ್ದತರಂಗಗಳನ್ನು ಕಳುಹಿಸಿ, ಮರಳಿ ಬರುವ ಪ್ರತಿಧ್ವನಿಗಳಿಂದ ನೀರಿನ ತಳದ ಚಿತ್ರವನ್ನು ಪರದೆಯ ಮೇಲೆ ಮೂಡಿಸುವ ಉಪಕರಣ. ಸಾಮಾನ್ಯ ಫಿಶ್ ಫೈಂಡರ್ ದೋಣಿಯ ಕೆಳಗಿರುವುದನ್ನಷ್ಟೇ ತೋರಿಸಿದರೆ, ಇದು ಎರಡೂ ಬದಿಗಳ ಅಗಲವಾದ ಪಟ್ಟಿಯನ್ನು ತೋರಿಸುತ್ತದೆ. ಬಲೆಯನ್ನು ಹರಿಯುವ ಬಂಡೆ, ಮುಳುಗಿದ ದೋಣಿಯ ಅವಶೇಷ ಮುಂತಾದವನ್ನು ಬಲೆ ಬಿಡುವ ಮುನ್ನವೇ ಗುರುತಿಸಲು ಇದು ನೆರವಾಗುತ್ತದೆ. ಆದರೆ ಪರದೆಯ ಮೇಲೆ ಕಾಣುವುದು ಛಾಯಾಚಿತ್ರವಲ್ಲ.

ಪರದೆಯ ವಿನ್ಯಾಸ

ಸಮುದ್ರದ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. 30 ಮೀಟರ್ ದೂರದ ವಸ್ತುವಿನ ಪ್ರತಿಧ್ವನಿ 0.04 ಸೆಕೆಂಡಿನಲ್ಲಿ ಮರಳುತ್ತದೆ. ಪ್ರತಿಯೊಂದು ಸ್ಪಂದನವೂ ಪರದೆಯ ಮೇಲೆ ಒಂದು ಅಡ್ಡಗೆರೆಯಾಗುತ್ತದೆ. ಸಾಮಾನ್ಯವಾಗಿ ಹೊಸ ಗೆರೆ ಮೇಲ್ತುದಿಯಲ್ಲಿ ಸೇರಿ, ಹಳೆಯವು ಕೆಳಗೆ ಸರಿಯುತ್ತವೆ. ಅಂದರೆ ಪರದೆಯ ಕೆಳಭಾಗದಲ್ಲಿರುವುದು ದೋಣಿ ಆಗಲೇ ದಾಟಿ ಬಂದ ಜಾಗ. ಮುಂದಿರುವುದು ಏನೂ ಕಾಣದು.

ನಡುವೆ ಉದ್ದಕ್ಕೂ ಹಾಯುವ ಕಪ್ಪು ಪಟ್ಟಿಯನ್ನು ಹೊಸಬರು ಕಂದಕವೆಂದು ಭಾವಿಸುವುದುಂಟು. ಅದು ದೋಣಿಗೂ ತಳಕ್ಕೂ ನಡುವಿನ ಬರಿಯ ನೀರು. ನಡುಗೆರೆಯಿಂದ ಒಂದು ಬದಿಗೆ ಆ ಪಟ್ಟಿಯ ಅಗಲವೆಷ್ಟೋ ನೀರಿನ ಆಳ ಸುಮಾರಾಗಿ ಅಷ್ಟು. ಪಟ್ಟಿಯ ಆಚೆಗೆ ಕಲ್ಲು, ಜಲ್ಲಿಗಳ ಗಟ್ಟಿ ತಳ ಉಜ್ವಲವಾಗಿಯೂ, ಶಬ್ದವನ್ನು ಹೀರುವ ಕೆಸರು ಮಂಕಾಗಿಯೂ ತೋರುತ್ತದೆ.

ನೆರಳು

ಪರದೆಯನ್ನು ಬಲ್ಲವರು ಹೊಳೆಯುವ ಚುಕ್ಕೆಗಿಂತ ಅದರ ನೆರಳನ್ನು ಹೆಚ್ಚು ನಂಬುತ್ತಾರೆ. ಶಿವಮೊಗ್ಗದ ಬಳಿಯ ಸಕ್ರೆಬೈಲಿನ ಆನೆ ಬಿಡಾರದಲ್ಲಿ, ತುಂಗೆಯ ದಡದ ಮೇಲೆ ಬೆಳಗಿನ ಓರೆ ಬಿಸಿಲಿಗೆ ನಿಂತ ಆನೆಯ ನೆರಳು ನೆಲದುದ್ದ ಚಾಚಿಕೊಳ್ಳುವುದನ್ನು ನೆನೆಯಬಹುದು. ಇಲ್ಲಿ ಬಿಸಿಲಿನ ಸ್ಥಾನದಲ್ಲಿ ಶಬ್ದವಿದೆ, ಅಷ್ಟೇ. ವಸ್ತು ಶಬ್ದವನ್ನು ತಡೆದಾಗ ಅದರ ಹಿಂದಿನ ತಳದಿಂದ ಪ್ರತಿಧ್ವನಿ ಬಾರದೆ, ನಡುಗೆರೆಗೆ ವಿಮುಖವಾಗಿ ಕಪ್ಪು ಆಕೃತಿ ಮೂಡುತ್ತದೆ.

ನೆರಳಿನಿಂದ ಎತ್ತರವನ್ನೂ ಲೆಕ್ಕ ಹಾಕಬಹುದು. ನೆರಳಿನ ಉದ್ದವನ್ನು ತಳದಿಂದ ಉಪಕರಣದ ಎತ್ತರದಿಂದ ಗುಣಿಸಿ, ಉಪಕರಣದಿಂದ ನೆರಳಿನ ತುದಿಗಿರುವ ದೂರದಿಂದ ಭಾಗಿಸಬೇಕು. ಉಪಕರಣ ತಳದಿಂದ 10 ಮೀಟರ್ ಮೇಲಿದ್ದು, 6 ಮೀಟರ್ ಉದ್ದದ ನೆರಳು 30 ಮೀಟರ್ ದೂರದಲ್ಲಿ ಮುಗಿದರೆ ವಸ್ತುವಿನ ಎತ್ತರ 2 ಮೀಟರ್. ಪ್ರೌಢಶಾಲೆಯ ಸಮರೂಪ ತ್ರಿಭುಜಗಳ ಪಾಠವೇ ಇದು. ತಳ ಸಮತಟ್ಟಾಗಿದ್ದರೆ ಮಾತ್ರ ಈ ಲೆಕ್ಕ ಸರಿ. ತಳದಲ್ಲಿ ಕುಳಿತ ಕಲ್ಲಿಗೆ ನೆರಳು ಅಂಟಿಕೊಂಡಿರುತ್ತದೆ. ಈಜುವ ಮೀನಿನ ನೆರಳಾದರೋ ಅದರಿಂದ ಬೇರ್ಪಟ್ಟು ದೂರ ಬೀಳುತ್ತದೆ.

ಮಿತಿಗಳು

ದೋಣಿ ತಿರುಗುವಾಗ ಚಿತ್ರ ವಕ್ರವಾಗುತ್ತದೆ. ಒಳಬದಿಯ ವಸ್ತು ಮತ್ತೆ ಮತ್ತೆ ಶಬ್ದಕ್ಕೆ ಸಿಕ್ಕು ಉದ್ದವಾಗಿ ಹಿಗ್ಗಿದರೆ, ಹೊರಬದಿಯದು ಕುಗ್ಗುತ್ತದೆ. ಆದ್ದರಿಂದ ನೇರವಾಗಿ, ನಿಧಾನವಾದ ಏಕವೇಗದಲ್ಲಿ ಸಾಗಬೇಕು. ಸಣ್ಣ ದೋಣಿಗಳ ಉಪಕರಣಗಳಲ್ಲಿ ಸಾಮಾನ್ಯವಾದ 455 ಮತ್ತು 800 ಕಿಲೋಹರ್ಟ್ಸ್ ಆವರ್ತನಗಳಲ್ಲಿ ಎರಡನೆಯದು ಹೆಚ್ಚು ಸ್ಪಷ್ಟವಾದರೂ ನೀರಿನಲ್ಲಿ ಬೇಗ ಕ್ಷೀಣಿಸುತ್ತದೆ. ಆಳವಾದ ಕಡಲಿನಲ್ಲಿ ಉಪಕರಣವನ್ನೇ ಹಗ್ಗದಿಂದ ಇಳಿಸಿ, ತಳದ ಸಮೀಪ ಎಳೆದೊಯ್ಯುತ್ತಾರೆ. ಆಗ ನೆರಳು ನೀಳವಾಗಿ, ಓದಲು ಸುಲಭವಾಗುತ್ತದೆ.

ಕರಾವಳಿ ಕರ್ನಾಟಕದ ಒಂದು ದುರಂತವನ್ನು ಇಲ್ಲಿ ನೆನೆಯಬಹುದು. ಮಲ್ಪೆ ಬಂದರಿನಿಂದ ಹೊರಟ ಸುವರ್ಣ ತ್ರಿಭುಜ ದೋಣಿ ಏಳು ಮಂದಿ ಮೀನುಗಾರರೊಂದಿಗೆ 2018ರ ಡಿಸೆಂಬರಿನಲ್ಲಿ ಕಾಣೆಯಾಯಿತು. ತಿಂಗಳುಗಟ್ಟಲೆ ದೋಣಿ ಪತ್ತೆಯಾಗಲಿಲ್ಲ. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲವಣದಾಚೆ ಸುಮಾರು 60 ಮೀಟರ್ ಆಳದಲ್ಲಿ ಅದರ ಅವಶೇಷವನ್ನು ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಪತ್ತೆಹಚ್ಚಿತು. ಇಂಥ ಶೋಧಗಳಲ್ಲಿ ಸೋನಾರ್ ಕೊಡುವುದು ಆಕಾರ ಮತ್ತು ಅಳತೆಯನ್ನು ಮಾತ್ರ. ಅದು ಯಾರ ದೋಣಿ ಎಂಬುದು ಮುಳುಗುಗಾರರೋ ಕ್ಯಾಮೆರಾವೋ ಕೆಳಗಿಳಿದ ಮೇಲೆ ಖಚಿತವಾಗುತ್ತದೆ.